ಸಂಕ್ರಾಂತಿಗೆ ಕೊಟ್ಟ ಕಥೆ

ಮಗಳ ಟ್ಯೂಷನ್ ಬಿಡುವುದನ್ನು ಕಾಯುತ್ತಾ ಮಾರೇನಹಳ್ಳಿಯ ಗಲ್ಲಿಯೊಂದರಲ್ಲಿ ಸ್ಕೂಟರಿನ ಮೇಲೆ ಕೂತಿದ್ದ ಶುಭಾ, ಎಲ್ಲರೂ ತನ್ನ ಕಥೆಯನ್ನು ಹೊಗಳಿರುವುದನ್ನು ಫೋನಿನಲ್ಲಿ ಓದಿದಳು. ‘ಎರಡನೇ ಡಿಕಾಕ್ಷನ್’ ಓದದೆ ಹಬ್ಬ ಮಾಡಬೇಡಿ ಎಂದು ಒಬ್ಬರು ಬರೆದಿದ್ದರು. ಒಂದೇ ಒಂದು ಕಥೆ ಓದುವಷ್ಟು ಪುರುಸೊತ್ತಿದ್ದರೆ ಇದನ್ನೇ ಓದಿ ಎಂದು ಇನ್ನೊಬ್ಬರು. ಯಾರು ಬರೆದಿರಬಹುದು ಎಂಬ ಊಹೆ ಬೇರೆ ನಡೆದಿತ್ತು. ಯಾರ ಊಹೆಯಲ್ಲೂ ಶುಭಾಳ ಹೆಸರಿರಲಿಲ್ಲ. ಅಷ್ಟು ಮಾತ್ರ ಸರಿಯಾಗಿಯೇ ಇತ್ತು. ಕಥೆ ಅವಳು ಕಳಿಸಿದ್ದು ಹೌದು, ಅವಳು ಬರೆದದ್ದಲ್ಲ.

‘ಹನ್ನೊಂದನೇ ಅಡ್ಡರಸ್ತೆ’ ಅಂತ ಒಂದು ಧಾರಾವಾಹಿ ಬರುತ್ತಿತ್ತು. ಕೆಳಗಿನ ಮನೆಯಲ್ಲಿ ಹಪ್ಪಳ ಮಾಡಿ ಮಾರುವ ವಿಧವೆ ಮಂದಾಕಿನಿ, ಮಹಡಿಯಲ್ಲಿ ಬಾಡಿಗೆಗಿರುವ ಬ್ಯಾಂಕಿನ ರಘುವೀರ. ಬೆಳಗಿನ ಕಾಫಿ ಲೋಟ ಮೆಟ್ಟಿಲು ಹತ್ತಿ ಇಳಿಯುವುದು ಬಿಟ್ಟರೆ ಇಬ್ಬರ ನಡುವೆ ಏನೂ ನಡೆಯುತ್ತಿರಲಿಲ್ಲ. ಅದಕ್ಕೇ ಕೆಲವರು ಬಿಡದೆ ನೋಡುತ್ತಿದ್ದರು. ನೋಡುವವರು ಸಾಲದು ಅಂತ ಚಾನೆಲ್ಲಿನವರು ಒಂದು ಶುಕ್ರವಾರ ರಘುವೀರನಿಗೆ ವರ್ಗ ಮಾಡಿಸಿ, ಧಾರಾವಾಹಿ ಮುಗಿಸಿ ಕೈ ತೊಳೆದುಕೊಂಡರು. ಬಸವೇಶ್ವರನಗರದ ನಿವೃತ್ತ ಟೀಚರ್ ಅನಂತಲಕ್ಷ್ಮಿಗೆ ಅದನ್ನು ಸಹಿಸಲಾಗಲಿಲ್ಲ. ಅವರು ಒಂದು ಬ್ಲಾಗ್ ತೆಗೆದು, ಮುಂದೇನಾಯಿತು ಅಂತ ನಾವೇ ಬರೆದುಕೊಳ್ಳೋಣ ಅಂದರು. ಆಫೀಸಿನವರು, ಗೃಹಿಣಿಯರು, ಇಬ್ಬರು ಅಜ್ಜಿಯರು, ಒಬ್ಬ ಎಲ್‌ಐಸಿ ಏಜೆಂಟ್ ಸೇರಿ ಒಂದು ಬಳಗವಾಯಿತು. ತಮಗಿಷ್ಟ ಬಂದ ಹೆಸರಿಟ್ಟುಕೊಂಡು ಬರೆದರು.

ವರ್ಷಕ್ಕೊಮ್ಮೆ ಸಂಕ್ರಾಂತಿಗೆ ಇವರದೂ ಒಂದು ಎಳ್ಳು ಬೀರುವುದು ಇತ್ತು. ಟೀಚರ್ ಚೀಟಿ ಎತ್ತಿ ಒಬ್ಬೊಬ್ಬರಿಗೆ ಒಬ್ಬೊಬ್ಬರ ಹೆಸರು ಕೊಡುತ್ತಿದ್ದರು. ಆ ಹೆಸರಿನವರ ಇಷ್ಟಾನಿಷ್ಟ ಕೇಳಿಕೊಂಡು ಅವರಿಗಾಗಿಯೇ ಒಂದು ಕಥೆ ಬರೆದು ಕೊಡಬೇಕು. ಹಬ್ಬದ ಹಿಂದಿನ ವಾರ ಕಥೆಗಳು ಬರೆದವರ ಹೆಸರಿಲ್ಲದೆ ಬ್ಲಾಗಿಗೆ ಬರುತ್ತವೆ. ವಾರವೆಲ್ಲ ಓದಿ, ಮೆಚ್ಚಿದ್ದನ್ನು ಒಬ್ಬರಿಗೊಬ್ಬರು ಶಿಫಾರಸು ಮಾಡಬೇಕು. ಹಬ್ಬದ ಸಂಜೆ ದೀಪ ಹಚ್ಚಿದ ಮೇಲೆ ಟೀಚರ್ ಹೆಸರುಗಳನ್ನು ಬಿಚ್ಚುತ್ತಾರೆ. ಕಥೆ ಪಡೆದವರು ಬರೆದವರಿಗೆ ಎಲ್ಲರೆದುರು ಧನ್ಯವಾದ ಹೇಳಬೇಕು.

ಶಿಫಾರಸಿನ ಅಂಕಣ ಶುಭಾಳದು. ಪ್ರತಿ ಕಥೆಗೂ ಅವಳು ಒಂದೇ ಸಾಲು ಬರೆಯುತ್ತಿದ್ದಳು. ಆ ಸಾಲು ಓದಿದ ಮೇಲೆ ಕಥೆ ಓದದೆ ಇರಲು ಆಗುತ್ತಿರಲಿಲ್ಲ. ಶುಭಾ ಹೇಳಿದ್ರೆ ಓದ್ಬೇಕು ಅನ್ನುವುದು ಬಳಗದಲ್ಲಿ ಗಾದೆಯಾಗಿತ್ತು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಪಿಎಫ್, ಇಎಸ್‌ಐ ಅಂತ ದಿನವಿಡೀ ಬೇರೆಯವರ ಹೆಸರು ಟೈಪ್ ಮಾಡುವವಳಿಗೆ, ತನ್ನ ಹೆಸರಿಗೂ ಬೆಲೆಯಿದ್ದದ್ದು ಅಲ್ಲೊಂದೇ ಕಡೆ.

ಈ ಸಲ ಡಿಸೆಂಬರಿನಲ್ಲಿ ಆಡಿಟ್ ಬಂತು. ಗಂಡ ಶ್ರೀರಾಮನಿಗೆ ಸೆಕೆಂಡ್ ಶಿಫ್ಟ್ ಬಿತ್ತು. ಮಗಳು ರಾಗಿಣಿಗೆ ಪ್ರಿಪರೇಟರಿ ಪರೀಕ್ಷೆ, ನಡುವೆ ಜ್ವರ. ಚೀಟಿಯಲ್ಲಿ ಶುಭಾಳಿಗೆ ಬಂದದ್ದು ಹೊಸಬರೊಬ್ಬರ ಹೆಸರು, ‘ಹಿತ್ತಿಲ ಬಾಗಿಲು’. ಟೀಚರ್ ಅವರ ಮೇಲ್ ವಿಳಾಸವನ್ನೂ ಕೊಟ್ಟಿದ್ದರು, ಏನಿಷ್ಟ ಅಂತ ಕೇಳಿಕೊಳ್ಳಲಿ ಎಂದು. ಶುಭಾ ಕೇಳಲೇ ಇಲ್ಲ. ಕೊನೆಯ ದಿನ ಇದೇ ಗಲ್ಲಿಯಲ್ಲಿ ಇದೇ ಸ್ಕೂಟರಿನ ಮೇಲೆ ಕೂತು ಎರಡು ಸಾಲು ಬರೆದು ಅಳಿಸಿ, ಮತ್ತೆರಡು ಬರೆದು ಅಳಿಸಿ, ಸುಮ್ಮನೆ ಫೋನಿನಲ್ಲಿದ್ದ ಹಳೆಯದನ್ನೆಲ್ಲ ತಡಕುತ್ತಿದ್ದಾಗ ಆ ಕಥೆ ಸಿಕ್ಕಿತು.

ಬಳಗದ ಮೊದಲ ಸಂಕ್ರಾಂತಿಗೆ ‘ಕೆರೆದಂಡೆ’ ಎಂಬ ಹೆಸರಿನವಳು ಶುಭಾಳಿಗೆಂದು ಬರೆದ ಕಥೆ ಅದು. ಆಗ ಹಬ್ಬದ ಕಥೆಗಳು ಬ್ಲಾಗಿಗೆ ಬರುತ್ತಿರಲಿಲ್ಲ, ನೇರ ಪಡೆದವರ ಫೋನಿಗೆ ಹೋಗುತ್ತಿದ್ದವು. ಹಾಗಾಗಿ ಬೇರೆ ಯಾರೂ ಓದಿರಲಿಲ್ಲ. ಕೆರೆದಂಡೆ ಮರುವರ್ಷವೇ ಬಳಗ ಬಿಟ್ಟು ಎಲ್ಲಿಗೋ ಹೋಗಿಬಿಟ್ಟಿದ್ದಳು. ಕಥೆಯಲ್ಲಿ ಮಂದಾಕಿನಿ ಮೊದಲ ಡಿಕಾಕ್ಷನ್ನಿನ ಕಾಫಿಯನ್ನು ಮಹಡಿಗೆ ಕಳಿಸಿ, ಅದೇ ಪುಡಿಗೆ ಇನ್ನೊಮ್ಮೆ ನೀರು ಹೊಯ್ದು ತನಗೆ ಮಾಡಿಕೊಳ್ಳುತ್ತಾಳೆ. ಒಂದು ದಿನ ಲೋಟಗಳು ಅದಲುಬದಲಾಗಿ ರಘುವೀರನಿಗೆ ಎರಡನೆಯದು ಹೋಗುತ್ತದೆ. ಅವನು ಏನೂ ಅನ್ನದೆ ಕುಡಿದು, ಮಾರನೆಯ ದಿನದಿಂದ ತನಗೆ ಅದೇ ಬೇಕು ಅನ್ನುತ್ತಾನೆ. ಅಷ್ಟೇ ಕಥೆ.

ಸಂಕ್ರಾಂತಿಯ ತಟ್ಟೆಯಲ್ಲಿ ಬಂದ ಬ್ಲೌಸ್ ಪೀಸನ್ನು ಯಾರು ಹೊಲಿಸುತ್ತಾರೆ, ಅಂದುಕೊಂಡಳು ಶುಭಾ. ಕವರು ಬಿಚ್ಚದೆ ಬೀರುವಿನಲ್ಲಿಟ್ಟು ಮುಂದಿನ ಹಬ್ಬಕ್ಕೆ ಇನ್ನೊಬ್ಬರಿಗೆ ದಾಟಿಸುತ್ತೇವೆ. ಕೊಟ್ಟವರಿಗೂ ಗೊತ್ತು, ತೊಗೊಂಡವರಿಗೂ ಗೊತ್ತು. ಒಂದು ವರ್ಷ ತಾನು ಕೊಟ್ಟಿದ್ದೇ, ಮೂಲೆಯಲ್ಲಿ ಅರಿಶಿನದ ಕಲೆಯ ಸಮೇತ, ನಾಲ್ಕು ಮನೆ ಸುತ್ತಿ ತನ್ನ ಮಡಿಲಿಗೇ ಬಂದಾಗ ನಕ್ಕಿರಲಿಲ್ಲವೇ.

ಒಂದೇ ಒಂದು ತೊಡಕಿತ್ತು. ಆ ಕಥೆ ಬರೆದ ವರ್ಷ ಶುಭಾಳ ಅಪ್ಪ ತೀರಿಕೊಂಡಿದ್ದರು. ಕೆರೆದಂಡೆ ಎಲ್ಲರಂತೆ ನಿಮಗೆ ಜಗಳ ಇಷ್ಟವೋ ಮದುವೆ ಇಷ್ಟವೋ ಅಂತ ಕೇಳದೆ, ನಿಮಗೆ ಯಾವ ಸದ್ದು ಇಷ್ಟ ಅಂತ ಕೇಳಿದ್ದಳು. ಅಪ್ಪ ಗೇಟು ತೆಗೆಯುವ ಮುಂಚೆ ಒಂದು ಸಣ್ಣ ಕೆಮ್ಮು ಕೆಮ್ಮುತ್ತಿದ್ದರು, ಒಳಗಿರುವ ಹೆಣ್ಣುಮಕ್ಕಳು ಗಾಬರಿಯಾಗದಿರಲಿ ಅಂತ, ಆ ಸದ್ದು ಎಂದು ಶುಭಾ ಬರೆದಿದ್ದಳು. ಕೆರೆದಂಡೆ ಅದನ್ನು ಕಥೆಯ ನಡುವೆ ಮಂದಾಕಿನಿಯ ಅಪ್ಪನಿಗೆ ಕೊಟ್ಟಿದ್ದಳು. ಟೀಚರಿಗೂ ಆ ಕೆಮ್ಮಿನ ವಿಷಯವನ್ನು ಶುಭಾಳೇ ಹೇಳಿದ್ದಳು. ಓದಿದರೆ ಇದು ಶುಭಾಳಿಗೆ ಬರೆದ ಕಥೆ ಅಂತ ಹಿಡಿದುಬಿಡುತ್ತಾರೆ. ಟ್ಯೂಷನ್ನಿನ ಗೇಟು ತೆರೆದು ಮಕ್ಕಳು ಹೊರಬರುತ್ತಿದ್ದಾಗ ಶುಭಾ ಆ ಭಾಗದ ಮೇಲೆ ಬೆರಳೊತ್ತಿ ಹಿಡಿದು, ಅಳಿಸಿ, ಕಳಿಸಿ, ಫೋನನ್ನು ಬ್ಯಾಗಿಗೆ ಹಾಕಿಕೊಂಡಳು. ರಾಗಿಣಿ ಹಿಂದೆ ಹತ್ತಿ ಕೂತು, ಹಸಿವು ಅಂದಳು.

ಅದು ಹೀಗೆ ಹೆಸರು ಮಾಡುತ್ತದೆ ಅಂತ ಅವಳು ಎಣಿಸಿರಲಿಲ್ಲ. ಹತ್ತರಲ್ಲಿ ಹನ್ನೊಂದಾಗಿ ಹೋಗುತ್ತದೆ ಅಂದುಕೊಂಡಿದ್ದಳು.

ಅಂಕಣದಲ್ಲಿ ಅವಳು ಆ ಕಥೆಯನ್ನು ಬಿಟ್ಟಳು. ಮಾರನೆಯ ದಿನ ಊಟದ ಹೊತ್ತಿಗೆ ಟೀಚರಿಂದ ಫೋನು. ಏನಮ್ಮಾ, ಊರೆಲ್ಲ ಹೊಗಳ್ತಿರೋದನ್ನ ನೀನೊಬ್ಬಳೇ ಬಿಟ್ಟಿದೀಯಲ್ಲ, ಅಸೂಯೇನಾ ಅಂತ ಕೀಟಲೆ ಮಾಡಿದರು. ಬರೆದವರು ನೊಂದುಕೊಳ್ಳುವುದಿಲ್ಲವೇ, ಒಂದು ಸಾಲು ಸೇರಿಸು ಅಂದರು. ಕಳಿಸಿದ್ದು ಶುಭಾಳೇ ಎಂದು ಅವರಿಗೆ ಗೊತ್ತು. ಇದು ತಮಾಷೆ ಅಂತ ಶುಭಾಳಿಗೂ ಗೊತ್ತು. ಬಿಟ್ಟರೆ ವಿನಯದ ನಾಟಕ, ಸೇರಿಸಿದರೆ ಸುಳ್ಳು. ಪಕ್ಕದ ಟೇಬಲಿನವರು ಚಲನ್ ಕೇಳುತ್ತಿದ್ದರು. ಅವಳು ತಕ್ಷಣ ಬಾಯಿಗೆ ಬಂದದ್ದನ್ನು ಬರೆದು ಹಾಕಿದಳು: ‘ಎರಡನೇ ಡಿಕಾಕ್ಷನ್: ಓದಿ ಮುಗಿಸಿದ ಮೇಲೆ ಲೋಟ ತೊಳೆಯಲು ಮನಸ್ಸು ಬರುವುದಿಲ್ಲ.’

ಆ ಸಾಲಿಗೂ ಚಪ್ಪಾಳೆ ಬಿತ್ತು.

ಹಬ್ಬಕ್ಕೆ ಇನ್ನೇನು ಎರಡು ದಿನವಿದೆ ಅನ್ನುವಾಗ, ಕಥೆ ಪಡೆದ ‘ಹಿತ್ತಿಲ ಬಾಗಿಲು’ ತನ್ನ ಶಿಫಾರಸು ಹಾಕಿದಳು. ವಿಜಯನಗರದ ಸಿಗ್ನಲ್ಲಿನಲ್ಲಿ ಕೆಂಪು ದೀಪಕ್ಕೆ ನಿಂತಾಗ ಶುಭಾ ಅದನ್ನು ಓದಿದಳು. ‘ನನಗೆ ಬಂದಿರುವ ಕಥೆ ಚೆನ್ನಾಗಿದೆ. ಎಲ್ಲರೂ ಓದಿ. ಓದುತ್ತಾ ಓದುತ್ತಾ, ನಡುವೆ ಎಲ್ಲೋ ಗೇಟಿನ ಹತ್ತಿರ ಯಾರೋ ಕೆಮ್ಮುತ್ತಾರೆ ಅಂತ ಕಾದೆ. ಕೆಮ್ಮಲಿಲ್ಲ. ಯಾಕೆ ಕಾದೆನೋ ಗೊತ್ತಿಲ್ಲ.’

ಹಿಂದಿನ ಆಟೋದವನು ಹಾರ್ನ್ ಮಾಡಿ, ಮೇಡಂ ಮನೇಲಿ ನೋಡ್ಕೊಳ್ಳಿ ಫೋನು, ಅಂದ. ಶುಭಾ ಸ್ಕೂಟರನ್ನು ಪಕ್ಕಕ್ಕೆ ತಂದು ನಿಲ್ಲಿಸಿ ಇನ್ನೊಮ್ಮೆ ಓದಿದಳು. ಆ ಕೆಮ್ಮಿನ ಭಾಗವನ್ನು ಓದಿದ್ದವರು ಇಬ್ಬರೇ. ಒಬ್ಬಳು ತಾನು. ಇನ್ನೊಬ್ಬಳು ಬರೆದವಳು. ಕೆರೆದಂಡೆಯೇ ಹೆಸರು ಬದಲಿಸಿಕೊಂಡು ವಾಪಸು ಬಂದಿದ್ದಾಳೆ. ಬ್ಲೌಸ್ ಪೀಸು ಕೊಟ್ಟವಳ ಮಡಿಲಿಗೇ ಹೋಗಿ ಬಿದ್ದಿದೆ.

ಮೊದಲೇ ಬರೆಯಬೇಕಿದ್ದ ವಿಳಾಸಕ್ಕೆ ಅವಳು ಅವತ್ತು ಮೊದಲ ಸಲ ಮೇಲ್ ಬರೆದಳು. ಕ್ಷಮಿಸಿ ಅಂತ ಬರೆದು, ಟೈಮೇ ಇರಲಿಲ್ಲ ಅಂತ ಬರೆದು, ಎರಡನೆಯದನ್ನು ಅಳಿಸಿದಳು. ಉತ್ತರ ಸಣ್ಣದಾಗಿತ್ತು. ಅವಳ ಹೆಸರು ಕವನಾ, ಮನೆ ಮಲ್ಲತ್ತಹಳ್ಳಿ ಕೆರೆಯ ಹತ್ತಿರ. ಫೋನಿನಲ್ಲಿ ಬೇಡ, ಮನೆಯಲ್ಲಿ ನೋಡುತ್ತಾರೆ. ಹಬ್ಬದ ದಿನ ಎಳ್ಳು ಬೀರುವ ನೆಪದಲ್ಲಿ ಬನ್ನಿ, ಆ ಕೆಮ್ಮಿನ ಭಾಗವನ್ನು ಒಂದು ಹಾಳೆಯಲ್ಲಿ ಬರೆದು ತನ್ನಿ, ನನ್ನ ಹತ್ತಿರ ಇಲ್ಲ, ಎಂದಿತ್ತು.

ಶುಭಾಳ ಹತ್ತಿರವೂ ಇರಲಿಲ್ಲ. ಅವಳು ನಕಲು ತೆಗೆದು ಅಳಿಸಿರಲಿಲ್ಲ, ಇದ್ದುದರ ಮೇಲೇ ಅಳಿಸಿದ್ದಳು. ಕಥೆ ಬಂದಿದ್ದ ಹಳೆಯ ಫೋನು ಡ್ರಾಯರಿನಲ್ಲಿತ್ತು. ಚಾರ್ಜಿಗೆ ಹಾಕಿದರೆ ಬಿಸಿಯಾಯಿತೇ ಹೊರತು ಹತ್ತಲಿಲ್ಲ. ಮಾರೇನಹಳ್ಳಿ ಮೇನ್ ರೋಡಿನ ರಿಪೇರಿ ಅಂಗಡಿಯ ಸೀನ ಅದನ್ನು ಬಿಚ್ಚಿ ನೋಡಿ, ಬೋರ್ಡೇ ಹೋಗಿದೆ ಅಕ್ಕಾ, ಫೋಟೋ ಏನಾದ್ರೂ ಇತ್ತಾ, ಅಂತ ಮರುಕಪಟ್ಟ. ಅಪ್ಪಂದು ಇತ್ತು ಅಂದಳು ಶುಭಾ. ಅವನು ಕಾಸು ತೆಗೆದುಕೊಳ್ಳಲಿಲ್ಲ. ಅದೂ ಒಂದು ಸುಳ್ಳಿನ ಲಾಭ ಅನ್ನಿಸಿ ಅವಳಿಗೆ ಅಂಗಡಿಯ ಮೆಟ್ಟಿಲಿಳಿಯುವುದೇ ಕಷ್ಟವಾಯಿತು.

ನೆನಪಿನಿಂದ ಬರೆಯಲು ಕೂತಳು. ಕೆಮ್ಮು ನೆನಪಿತ್ತು, ಗೇಟಿನ ಚಿಲಕ ನೆನಪಿತ್ತು. ಕವನಾ ಅದನ್ನು ಯಾವ ಮಾತಿನಲ್ಲಿ ಹೇಳಿದ್ದಳೋ ಅದು ಮಾತ್ರ ಬರಲಿಲ್ಲ. ಅಪ್ಪ ಸತ್ತ ವರ್ಷ ಅದನ್ನು ಓದಿ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು. ಅಳು ನೆನಪಿತ್ತು. ಸಾಲು ಮರೆತಿತ್ತು.

ಹಬ್ಬದ ದಿನ ಸಂಜೆ ರಾಗಿಣಿಗೆ ಲಂಗ ಉಡಿಸಿ, ತಟ್ಟೆಯಲ್ಲಿ ಎಳ್ಳುಬೆಲ್ಲ, ಸಕ್ಕರೆ ಅಚ್ಚು, ಎಲಚಿ ಹಣ್ಣು, ಕಬ್ಬಿನ ತುಂಡು ಇಟ್ಟುಕೊಂಡು ಹೊರಟಳು. ಬ್ಲೌಸ್ ಪೀಸು ಇಡಲು ಬೀರು ತೆಗೆದವಳು, ಇನ್ನೊಬ್ಬರಿಗೆ ದಾಟಿಸಲೆಂದು ಪೇರಿಸಿಟ್ಟಿದ್ದ ಕೊಡುವ ಗುಂಪನ್ನು ನೋಡಿ ಬಾಗಿಲು ಹಾಕಿ, ದಾರಿಯಲ್ಲಿ ಅಂಗಡಿಗೆ ಹೋಗಿ ಹೊಸದು ತೊಗೊಂಡಳು. ಯಾವ ಬಣ್ಣ ಅಂತ ಅಂಗಡಿಯವನು ಕೇಳಿದ. ಕವನಾಗೆ ಯಾವ ಬಣ್ಣ ಇಷ್ಟವೋ ಗೊತ್ತಿರಲಿಲ್ಲ.

ಶುಭಾಳ ಮನೆಯಿದ್ದ ಅನ್ನಪೂರ್ಣೇಶ್ವರಿ ನಗರದಿಂದ ಮಲ್ಲತ್ತಹಳ್ಳಿ ಎಷ್ಟು ಮಹಾ ದೂರ. ಕವನಾಳ ಮನೆಯೆಂದರೆ ಕೆಳಗೆ ಅಂಗಡಿ ಮಳಿಗೆ, ಮೇಲೆ ಬಾಡಿಗೆ ಮನೆಗಳು, ಪಕ್ಕದಲ್ಲಿ ಹಳೆಯ ಹಂಚಿನ ಮನೆಯ ಒಂದು ತುಂಡು ಹಾಗೇ ಉಳಿದಿತ್ತು. ಬಾಗಿಲಲ್ಲಿ ಹಸುವಿಗೆ ಅರಿಶಿನ ಹಚ್ಚುತ್ತಿದ್ದ ಅವಳ ಅತ್ತೆ ಬೋರಮ್ಮ, ಬಾ ಕಣವ್ವ ಅಂತ ಕರೆದು, ಯಾರ ಮನೆಯವರು, ನಮ್ಮ ಹುಡುಗೀಗೆ ಹೆಂಗೆ ಪರಿಚಯ ಅಂತ ಒಂದೇ ಉಸಿರಿಗೆ ಕೇಳಿದರು. ಒಳಗಿನಿಂದ ಬಂದ ಕವನಾ, ಟ್ಯೂಷನ್ ಹತ್ರ ಸಿಕ್ಕಿದ್ರು ಅತ್ತೆ, ಅಂದಳು. ಶುಭಾ ಊಹಿಸಿದ್ದಕ್ಕಿಂತ ಚಿಕ್ಕವಳು. ಕಣ್ಣಿಗೆ ಕಣ್ಣು ಸೇರಿಸಲಿಲ್ಲ, ಆದರೆ ಮುಖದಲ್ಲಿ ಸಿಟ್ಟೂ ಇರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

ಬೋರಮ್ಮ ರಾಗಿಣಿಯನ್ನು ಕೂರಿಸಿಕೊಂಡು, ಎಳ್ಳು ಬಾಯಿಗೆ ಹಾಕಿ, ಒಳ್ಳೆ ಮಾತಾಡು ಅಂದರು. ಹತ್ತನೇ ಕ್ಲಾಸು ಅಂದರೆ ಕಷ್ಟವಂತೆ, ಹಸು ನೋಡಿದೀಯಾ ಸಿಟಿ ಹುಡುಗಿ ನೀನು, ಅಂತ ನಗಿಸಿದರು. ರಾಗಿಣಿ ಹಸು ಮುಟ್ಟಬೇಕು ಅಂದಾಗ ಅವಳನ್ನು ಕರೆದುಕೊಂಡು ಬಾಗಿಲಿಗೆ ಹೋದರು. ಆದರೂ ಕಿವಿ ಇಲ್ಲೇ ಇತ್ತು.

“ಸಾಮಾನು ತಂದ್ರಾ?” ಅಂದಳು ಕವನಾ, ಅತ್ತೆಗೆ ಕೇಳಿದರೂ ತೊಂದರೆಯಿಲ್ಲದ ದನಿಯಲ್ಲಿ.

“ಇಲ್ಲ. ಕಳೆದ್ಹೋಯ್ತು.” ಶುಭಾ ತಟ್ಟೆಯ ಅಂಚು ಹಿಡಿದುಕೊಂಡಳು. “ಕಳೆದ್ಹೋಗಿದ್ದಲ್ಲ. ನಾನೇ ಹಾಳು ಮಾಡ್ದೆ.”

ಕವನಾ ಎಲಚಿ ಹಣ್ಣನ್ನು ಒಂದೊಂದಾಗಿ ಇನ್ನೊಂದು ತಟ್ಟೆಗೆ ಹಾಕುತ್ತಾ ಮೆಲ್ಲಗೆ ಹೇಳಿದಳು. ಪಕ್ಕದ ಮನೆಯ ನಾದಿನಿಯೂ ಧಾರಾವಾಹಿಯ ಹುಚ್ಚಿನವಳೇ. ಹಿಂದೆ ಅವಳೇ ಬ್ಲಾಗಿನಲ್ಲಿ ಇವಳ ಕಥೆಗಳನ್ನು ಓದಿ, ಇವಳು ಪರಗಂಡಸಿಗೆ ಕಾಫಿ ಕೊಡೋ ಕಥೆ ಬರೀತಾಳೆ ಅಂತ ಗಂಡನಿಗೆ ಹೇಳಿದ್ದು. ಗಂಡ ಹೊಡೆಯಲಿಲ್ಲ, ಬಯ್ಯಲಿಲ್ಲ. ಪಕ್ಕದಲ್ಲಿ ಕೂತು ಇವಳ ಕೈಯಲ್ಲೇ ಒಂದೊಂದಾಗಿ ಅಳಿಸಿ ಹಾಕಿಸಿದ್ದ. ಇವಳು ಬರೆದದ್ದರಲ್ಲಿ ಲೋಕದಲ್ಲಿ ಉಳಿದಿದ್ದರೆ ಶುಭಾಳ ಫೋನಿನಲ್ಲಿ ಉಳಿದಿದ್ದು, ಅಷ್ಟೇ. ನಾದಿನಿ ಈಗಲೂ ಬ್ಲಾಗಿನಲ್ಲಿದ್ದಾಳೆ. ಅದಕ್ಕೇ ಹೊಸ ಹೆಸರು.

“ಓದ್ದಾಗ ಮೊದ್ಲು ಖುಷೀನೇ ಆಯ್ತು ನಂಗೆ, ಸುಳ್ಳು ಹೇಳಲ್ಲ,” ಅಂದಳು. “ಇದೊಂದು ಬದುಕ್ಕೊಂಡಿದೆ ಅಂತ. ಆಮೇಲೆ ನಿಮ್ಮ ಅಂಕಣ ನೋಡಿದೆ. ಲೋಟ ತೊಳೆಯೋಕೆ ಮನಸ್ಸು ಬರಲ್ಲ ಅಂತ. ಅವತ್ತು ಥ್ಯಾಂಕ್ಸ್ ಹೇಳ್ದಾಗ ನೀವು ನಂಗೆ ಬರ್ದಿದ್ದೂ ಅದೇ ಸಾಲು.”

ಶುಭಾಳಿಗೆ ಅದು ನೆನಪೇ ಇರಲಿಲ್ಲ.

“ಅದನ್ನ ಯಾರೂ ಅಳಿಸೋಕಾಗಿರ್ಲಿಲ್ಲ. ಬಾಯಿಪಾಠ ಆಗಿತ್ತಲ್ಲ. ನಂಗೇ ಅಂತ ಬರ್ದಿದ್ದು ಅಂದ್ಕೊಂಡಿದ್ದೆ.”

ಹೊರಗೆ ಹಸುವಿನ ಗಂಟೆ ಅಲುಗಿತು, ರಾಗಿಣಿ ನಕ್ಕಳು. ಶುಭಾ ಬಾಯಿ ತೆರೆದಳು. ಕೆಲಸ, ಮಗಳು, ಆಡಿಟ್ಟು ಅಂತ ಒಂದಿಷ್ಟು ಕಾರಣಗಳು ಬಾಯಿಯವರೆಗೆ ಬಂದು ನಿಂತವು. ಎಲ್ಲವೂ ನಿಜವೇ. ಯಾವುದನ್ನೂ ಇಲ್ಲಿ ಕೊಡುವಂತಿರಲಿಲ್ಲ. ಕೊನೆಗೆ, ಇವತ್ತು ಹೆಸರು ಬಿಚ್ಚುವಾಗ ಇದು ನನ್ನದಲ್ಲ, ಕೆರೆದಂಡೆಯದು ಅಂತ ಬರೆಯುತ್ತೇನೆ ಅಂದಳು.

“ಬೇಡಿ. ಆ ಹೆಸ್ರು ಕಂಡ್ರೆ ನಾದಿನಿಗೆ ಗೊತ್ತಾಗುತ್ತೆ. ನಿಮ್ಮ ಹೆಸ್ರಲ್ಲೇ ಇರ್ಲಿ.” ಕವನಾ ಮೊದಲ ಸಲ ಅವಳ ಮುಖ ನೋಡಿದಳು. “ಕೆಮ್ಮು ಮಾತ್ರ ವಾಪಸ್ ಹಾಕಿ. ಅದನ್ನ ನಾನು ಕೇಳಿದವಳಲ್ಲ, ನೀವು ಕೇಳಿದವರು. ನೀವೇ ಬರೀರಿ.”

ಬೋರಮ್ಮ ಬಂದು, ಏನು ಗುಸುಗುಸು, ಸೀರೆ ವ್ಯಾಪಾರಾನಾ, ಅಂದರು. ಕವನಾ ಶುಭಾಳಿಗೆ ಕುಂಕುಮ ಕೊಟ್ಟು, ಬೀರುವಿನಿಂದ ಒಂದು ಬ್ಲೌಸ್ ಪೀಸು ತಂದು ಮಡಿಲಿಗಿಟ್ಟಳು. ತಿಳಿ ನೀಲಿ. ಮಡಿಕೆಯ ಗುರುತು ಹಳೆಯದಾಗಿತ್ತೋ ಹೊಸದಾಗಿತ್ತೋ ನೋಡುವ ಧೈರ್ಯ ಅವಳಿಗಾಗಲಿಲ್ಲ.

ಮನೆಗೆ ಬಂದು ದೀಪ ಹಚ್ಚುವಷ್ಟರಲ್ಲಿ ಟೀಚರ್ ಹೆಸರುಗಳನ್ನು ಹಾಕಿದ್ದರು. ಎರಡನೇ ಡಿಕಾಕ್ಷನ್, ಶುಭಾ. ಅದರ ಕೆಳಗೆ ಅಭಿನಂದನೆಯ ಸಾಲು ಬೆಳೆಯುತ್ತಲೇ ಇತ್ತು. ಕೆರೆದಂಡೆಯ ಹೆಸರು ಹೇಳುವಂತಿಲ್ಲ, ಸರಿ. ಅಷ್ಟಾದರೂ ಹೇಳುತ್ತೇನೆ ಅಂತ ಶುಭಾ ಬರೆದಳು: ‘ಈ ಕಥೆ ನನ್ನದಲ್ಲ. ಇದಕ್ಕೆ ಬಂದ ಹೊಗಳಿಕೆಗೆ ನಾನು ಯೋಗ್ಯಳಲ್ಲ.’

ಮೊದಲು ಎಲ್‌ಐಸಿ ಏಜೆಂಟ್ ದುಂಡೇಶ ಉತ್ತರಿಸಿದ: ಒಳ್ಳೆ ಕಥೆ ಬರೆದವರು ಹೀಗೇ ಹೇಳೋದು ಮೇಡಂ, ಕಥೆ ತಾನೇ ಬರೆಸಿಕೊಳ್ಳುತ್ತೆ. ಅಜ್ಜಿಯರಿಬ್ಬರು ಕೈಮುಗಿದರು. ಟೀಚರ್, ತುಂಬಿದ ಕೊಡ ತುಳುಕೋದಿಲ್ಲ ಅಂತ ಸುಮ್ನೆ ಅಂತಾರಾ, ಅಂತ ಬರೆದರು. ಅಲ್ಲ, ನಿಜವಾಗಿ ನನ್ನದಲ್ಲ, ಅಂತ ಅವಳು ಮತ್ತೆ ಬರೆಯಹೊರಟಳು. ಹಾಗಾದರೆ ಯಾರದು ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಮಲ್ಲತ್ತಹಳ್ಳಿಯ ಆ ನಾದಿನಿಯೂ ಓದುತ್ತಿರುತ್ತಾಳೆ. ಬರೆದದ್ದನ್ನು ಅಳಿಸಿದಳು.

ಆಮೇಲೆ, ಕಥೆ ಪಡೆದವರು ಹೇಳಲೇಬೇಕಾದ ಮಾತು ಬಂತು. ‘ನನಗಾಗಿ ಇಷ್ಟು ಒಳ್ಳೆಯ ಕಥೆ ಕೊಟ್ಟ ಶುಭಾ ಅವರಿಗೆ ಧನ್ಯವಾದಗಳು. ಹಿತ್ತಿಲ ಬಾಗಿಲು.’

ಬಳಗದ ಪದ್ಧತಿಯಂತೆ ಶುಭಾ ಅದಕ್ಕೆ ಪ್ರತಿಯಾಗಿ ಏನಾದರೂ ಬರೆಯಬೇಕಿತ್ತು. ಶುಭಾ ಹೇಳಿದ್ರೆ ಓದ್ಬೇಕು ಅನ್ನುವ ಜನ ಕಾಯುತ್ತಿದ್ದರು. ಅವಳು ಕಥೆಯ ಕಡತ ತೆರೆದು, ನಡುವೆ ತಾನು ಅಳಿಸಿದ್ದ ಜಾಗಕ್ಕೆ ಬಂದಳು. ‘ಗೇಟಿನ ಹತ್ತಿರ’ ಅಂತ ಬರೆದಳು. ಮುಂದಿನ ಪದಕ್ಕೆ ಕಾದಳು.

ಒಳಗಿನಿಂದ ರಾಗಿಣಿ ತಟ್ಟೆ ಖಾಲಿ ಮಾಡುತ್ತಾ ಕೂಗಿದಳು. “ಅಮ್ಮಾ, ಈ ನೀಲಿ ಬ್ಲೌಸ್ ಪೀಸ್ ಕೊಡೋ ಗುಂಪಿಗೆ ಹಾಕ್ಲಾ?”

“ಬೇಡ ಕಣೇ. ಅದನ್ನ ಹೊಲಿಸ್ಕೋತೀನಿ.”

“ಯಾವಾಗ?” ಅಂದಳು ರಾಗಿಣಿ. “ನಿಂಗೆಲ್ಲಿ ಟೈಮಿದೆ.”

ಶುಭಾ ‘ಗೇಟಿನ ಹತ್ತಿರ’ ಅಂತ ಬರೆದದ್ದನ್ನು ಇನ್ನೊಮ್ಮೆ ಓದಿದಳು. ಮಗಳು ಒಂದು ಕ್ಷಣ ನೋಡಿ, ಪೀಸನ್ನು ಮಡಿಸಿ, ಯಾವ ಗುಂಪಿಗೂ ಸೇರಿಸದೆ ಟೇಬಲಿನ ಮೇಲಿಟ್ಟು ಓದಿಕೊಳ್ಳಲು ಹೋದಳು.